ದೊಡ್ಡಪ್ಪನ ತ್ರೀ ನಾಟ್ ತ್ರೀ

ಗಾಂಧಿ ಬಜಾರಿನ ಪಕ್ಕದ ಓಣಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಪುಟ್ಟ ಅಂಗಡಿಯಿದೆ. ಹೋದ ವಾರ ಸೊಪ್ಪು ತರಲು ಹೋದವಳು ಅದರ ಮುಂದೆ ಹಾದುಬರುವಾಗ, ಅಂಗಡಿಯವರು ಯಾವುದೋ ಹಳೆಯ ಯಂತ್ರವನ್ನು ಮಗುಚಿ ಹಾಕಿಕೊಂಡು ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದರು. ತೆಳುವಾದ ಎಣ್ಣೆ, ಅದರೊಳಗೆ ತುಸು ಸೀಮೆಎಣ್ಣೆ, ಜೊತೆಗೆ ಒರೆಸಿ ಒರೆಸಿ ಕಪ್ಪಾದ ಬಟ್ಟೆಯ ಮುಗ್ಗಲು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯವರು ತಲೆಯೆತ್ತಿ, "ಏನ್ ಬೇಕಿತ್ತಮ್ಮ?" ಅಂದರು. ಏನು ಬೇಕಿತ್ತು ಎಂದು ಅವರಿಗೆ ಹೇಗೆ ಹೇಳಲಿ? ನನಗೆ ಬೇಕಿದ್ದದ್ದು ಚಾಮರಾಜಪೇಟೆಯ ಒಂದು ಮನೆ, ಆ ಮನೆಯ ಹಿತ್ತಲ ಕಡೆಯ ಒಂದು ಕೋಣೆ, ಆ ಕೋಣೆಯಲ್ಲಿ ಬನಿಯನ್ ಹಾಕಿಕೊಂಡು ನೆಟ್ಟಗೆ ಕೂತಿರುತ್ತಿದ್ದ ನಮ್ಮ ದೊಡ್ಡಪ್ಪ. ಮೂರೂ ಈಗ ಇಲ್ಲ.

ಅದು ಮದ್ರಾಸ್ ತಾರಸಿಯ ಹಳೆಯ ಮನೆ. ಮುಂದೆ ಎರಡಾಳು ಕೂರುವಷ್ಟು ಜಗಲಿ, ಒಳಗೆ ಕೆಂಪು ಗಾರೆ ನೆಲ, ಹಿಂದೆ ಬಚ್ಚಲ ಪಕ್ಕ ಸೌದೆ ತುಂಬುತ್ತಿದ್ದ ಕೋಣೆ. ಬೆಳಗಾಗುವ ಮೊದಲೇ ಹೂವಿನ ಹೊರೆ ಹೊತ್ತವರು ಮಾರ್ಕೆಟ್ಟಿನ ಕಡೆ ಓಡುವ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಅದಾದ ಮೇಲೆ ದಿನವಿಡೀ ಮನೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಅಮ್ಮನಿಗೆ ಅಡುಗೆಮನೆ, ಅಜ್ಜಿಗೆ ದೇವರ ಮನೆ. ನಾನೊಬ್ಬಳೇ ಮಗಳು. ಜಗಲಿಯ ಕಂಬಕ್ಕೆ ಒರಗಿ ಎದುರು ಮನೆಯ ಗೋಡೆಯ ಬಿರುಕುಗಳನ್ನು ನೋಡುತ್ತ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ನೀವೂ ಅಂಥ ಮನೆಯಲ್ಲಿ ಒಂಟಿ ಮಗುವಾಗಿ ಬೆಳೆದಿದ್ದರೆ ನಿಮಗೆ ಗೊತ್ತಿರುತ್ತದೆ, ಆ ಮಧ್ಯಾಹ್ನಗಳಿಗೆ ಕೊನೆಯೇ ಇರುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಎಂಟು ವರ್ಷವಾಗಿದ್ದಾಗ ಒಂದು ದಿನ ಮನೆಯ ಮುಂದೆ ಆಟೋ ನಿಂತು, ಕರಿ ಬಣ್ಣದ ತಗಡಿನ ಟ್ರಂಕು ಹೊತ್ತ ಎತ್ತರದ ಮನುಷ್ಯರೊಬ್ಬರು ಇಳಿದರು. ಅಪ್ಪನ ಅಣ್ಣ, ಶ್ರೀಕಂಠ ದೊಡ್ಡಪ್ಪ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಬಂದವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮನೆಯಲ್ಲಿ ಯಾರಿಗೂ ಹೇಳದೆ ಸೈನ್ಯ ಸೇರಿದ್ದರಂತೆ. ಮೇಷ್ಟರ ಮನೆ ನಮ್ಮದು, ತಲೆಮಾರುಗಳಿಂದ ಪುಸ್ತಕ ಬಿಟ್ಟು ಬೇರೇನನ್ನೂ ಹಿಡಿದವರಲ್ಲ. ಆಮೇಲೆ ಎರಡು ವರ್ಷಕ್ಕೆ ತಾತ ತೀರಿಕೊಂಡಾಗ ದೊಡ್ಡಪ್ಪ ಎಲ್ಲೋ ಗಡಿಯಲ್ಲಿದ್ದರು, ಬರಲಿಲ್ಲ. ಇನ್ನೂ ಮೀಸೆ ಮೂಡದ ಅಪ್ಪ ಚಿತೆಗೆ ಬೆಂಕಿಯಿಟ್ಟು, ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದರು. ಆ ಸಿಟ್ಟು ಅಪ್ಪನಲ್ಲಿ ಇನ್ನೂ ಆರಿರಲಿಲ್ಲ. ಅಣ್ಣನಿಗೆ ಸೌದೆ ಕೋಣೆಯನ್ನು ಸುಣ್ಣ ಹೊಡೆಸಿ ಕೊಟ್ಟರು, ಎರಡು ಹೊತ್ತು ಊಟ ಹಾಕಿಸಿದರು, ಮಾತು ಮಾತ್ರ ಆಡಲಿಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವಾಗಲೂ, "ವಸು, ದೊಡ್ಡಪ್ಪಂಗೆ ಇನ್ನೊಂದು ಸ್ವಲ್ಪ ಹುಳಿ ಬೇಕಾ ಕೇಳು" ಎಂದು ನನಗೆ ಹೇಳುತ್ತಿದ್ದರು. ದೊಡ್ಡಪ್ಪ ನನ್ನ ಕಡೆ ನೋಡಿ, "ಸಾಕು ಅಂತ ಹೇಳಮ್ಮ" ಅನ್ನುತ್ತಿದ್ದರು. ಒಂದು ಮಾರು ದೂರದಲ್ಲಿ ಕೂತ ಅಣ್ಣತಮ್ಮಂದಿರ ನಡುವೆ ನಾನು ಹುಳಿಯ ಸುದ್ದಿ, ನೀರಿನ ಸುದ್ದಿ, ಕರೆಂಟ್ ಬಿಲ್ಲಿನ ಸುದ್ದಿ ಸಾಗಿಸುತ್ತಿದ್ದೆ.

ದೊಡ್ಡಪ್ಪ ಯುದ್ಧ ಮಾಡಿದವರೇನಲ್ಲ. ಸೈನ್ಯದಲ್ಲಿ ಅವರದ್ದು ಆರ್ಮರರ್ ಕೆಲಸ. ಎಂದರೆ, ಜವಾನರ ರೈಫಲ್‌ಗಳನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಅಳೆದು ನೋಡಿ, ಸರಿಯಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿ ಕೊಡುವುದು. ಆ ಕೈಗಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಬಂದ ಒಂದು ತಿಂಗಳಲ್ಲಿ ನಮ್ಮ ಮನೆಯ ಒಂದು ಬಾಗಿಲೂ ಕಿರುಗುಟ್ಟದ ಹಾಗಾಯಿತು. ಅಮ್ಮನ ಹೊಲಿಗೆ ಯಂತ್ರ, ಅಜ್ಜಿಯ ಸಂಬಾರದ ಡಬ್ಬಿಯ ಮುಚ್ಚಳ, ಅಪ್ಪನ ಸೈಕಲ್ಲು ಎಲ್ಲವೂ ಅದೇ ತೆಳು ಎಣ್ಣೆಯಲ್ಲಿ ಮಿಂದವು. ಸೈಕಲ್ಲು ಸದ್ದಿಲ್ಲದೆ ಉರುಳುವುದು ಅಪ್ಪನಿಗೆ ಗೊತ್ತಾಗಿತ್ತು. ಅವರು ಏನೂ ಅನ್ನಲಿಲ್ಲ, ಅಷ್ಟೇ.

ಅವರ ಟ್ರಂಕಿನಲ್ಲಿ ಎರಡು ಖಾಲಿ ಕಾಡತೂಸುಗಳಿದ್ದವು. ಗುಂಡು ಹಾರಿಹೋದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪು. ಸೈನ್ಯದವರು ಅದನ್ನು ಖೋಕಾ ಅನ್ನುತ್ತಾರಂತೆ. ದೊಡ್ಡಪ್ಪ ಹುಣಿಸೆಹಣ್ಣು ಹಚ್ಚಿ ಉಜ್ಜಿ ಅವನ್ನು ದೇವರ ಮನೆಯ ದೀಪದಂತೆ ಹೊಳೆಯಿಸಿ ಇಟ್ಟಿದ್ದರು. ಬಾಯಿಗಿಟ್ಟು ಊದಿದರೆ ಒಂದೊಂದೂ ಒಂದೊಂದು ಸ್ವರದಲ್ಲಿ ಶಿಳ್ಳೆ ಹಾಕುತ್ತಿತ್ತು. ಉದ್ದನೆಯದು ತ್ರೀ ನಾಟ್ ತ್ರೀ. ಗಿಡ್ಡದು ಏಳು ಪಾಯಿಂಟ್ ಆರು ಎರಡು. "ಇವಕ್ಕೆ ಯಾಕೆ ಲೆಕ್ಕದ ಹೆಸರು, ದೊಡ್ಡಪ್ಪ?" ಎಂದು ನಾನು ಕೇಳಿದ ಆ ಮಧ್ಯಾಹ್ನದಿಂದಲೇ ನನ್ನ ಒಂಟಿತನಕ್ಕೆ ಒಬ್ಬ ಜೊತೆಗಾರ ಸಿಕ್ಕ ಹಾಗಾಯಿತು. ಅವರು ಒಂದು ಕಾಗದ ಹರಡಿ ಗೆರೆ ಎಳೆದರು. "ಒಂದು ಇಂಚನ್ನ ಸಾವಿರ ಪಾಲು ಮಾಡು. ಅದರಲ್ಲಿ ಮುನ್ನೂರ ಮೂರು ಪಾಲು ತಗೋ. ಅಷ್ಟು ಅಗಲ, ರೈಫಲ್ ನಳಿಗೆ ಒಳಗಿನ ತೂತು. ಪಾಯಿಂಟ್ ಮೂರು ಸೊನ್ನೆ ಮೂರು. ಇಂಗ್ಲಿಷ್ನೋರು ಸೊನ್ನೆಗೆ ನಾಟ್ ಅಂದ್ರು, ನಮ್ಮೋರು ಅದನ್ನೇ ಹೇಳಿಕೊಂಡು ಬಂದ್ರು."

ಗುಂಡಿನ ಅಗಲವೂ ಅಷ್ಟೇ ಇರುತ್ತದೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಉದ್ದಕ್ಕೂ ತೋಡುಗಳನ್ನು ಸುರುಳಿಯಾಗಿ ಕೊರೆದಿರುತ್ತಾರೆ, ತೋಡು ತೋಡಿನ ನಡುವೆ ಏಣು ಉಳಿದಿರುತ್ತದೆ. ಹೆಸರಿಡುವಾಗ ಅಳೆದದ್ದು ಈ ಕಡೆಯ ಏಣಿನಿಂದ ಆ ಕಡೆಯ ಏಣಿಗೆ. ಗುಂಡು ಅದಕ್ಕಿಂತ ಕೂದಲೆಳೆಯಷ್ಟು ದಪ್ಪ, ಸುಮಾರು ಮುನ್ನೂರ ಹನ್ನೊಂದು ಪಾಲು. ಹಾಗಿದ್ದರೇನೇ ಅದು ಏಣುಗಳನ್ನು ಕಚ್ಚಿಕೊಂಡು, ಬುಗುರಿಯ ಹಾಗೆ ತಿರುಗುತ್ತ, ನೆಟ್ಟಗೆ ಹೋಗುವುದು. "ಹಾಗಾದ್ರೆ ಹೆಸರು ಸುಳ್ಳಾ?" ಅಂದೆ. "ಸುಳ್ಳಲ್ಲ ಪುಟ್ಟಿ. ಅಳೆದೋರು ಏನನ್ನ ಅಳೆದ್ರು ಅಂತ ಮೊದಲು ಕೇಳ್ಬೇಕು" ಅಂದರು. ಇನ್ನೊಂದು ದಿನ ನನ್ನ ಕೈಯಲ್ಲೇ ಲೆಕ್ಕ ಮಾಡಿಸಿದರು. ಇಂಚಿಗೆ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರ್. ಅದನ್ನು ಪಾಯಿಂಟ್ ಮೂರರಿಂದ ಗುಣಿಸಿದರೆ ಸರಿಯಾಗಿ ಏಳು ಪಾಯಿಂಟ್ ಆರು ಎರಡು. ಕಾಗದದ ಮೇಲೆ ಆ ಅಂಕಿಗಳು ಬಂದು ಕೂತಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಹಳೆಯ ಇಂಚೇ ಮಿಲಿಮೀಟರಿನ ವೇಷ ಹಾಕಿಕೊಂಡು ಬಂದಿತ್ತು.

ಒಂದೇ ಅಗಲದ ಕಾಡತೂಸು ಒಂದೇ ಜಾತಿಯದಾಗಿರಬೇಕಿಲ್ಲ ಎಂದೂ ಅವರೇ ಹೇಳಿದ್ದು. ಅವರು ನೋಡಿಕೊಳ್ಳುತ್ತಿದ್ದ ರೈಫಲ್ಲಿಗೂ, ಪತ್ರಿಕೆಗಳಲ್ಲಿ ದಿನಾ ಬರುತ್ತಿದ್ದ ಎ.ಕೆ. ನಲವತ್ತೇಳಕ್ಕೂ ಅಗಲ ಏಳು ಪಾಯಿಂಟ್ ಆರು ಎರಡೇ. ಆದರೆ ಒಂದರ ಚಿಪ್ಪಿನ ಉದ್ದ ಐವತ್ತೊಂದು ಮಿಲಿಮೀಟರ್, ಇನ್ನೊಂದರದು ಮೂವತ್ತೊಂಬತ್ತು. ಅದಕ್ಕೇ ಗುಣಾಕಾರದ ಗುರುತು ಹಾಕಿ ಎರಡು ಅಂಕಿ ಬರೆಯುವುದು, ಒಂದರ ಕಾಡತೂಸು ಇನ್ನೊಂದಕ್ಕೆ ನಡೆಯುವುದಿಲ್ಲ. ಅಮೆರಿಕದವರ ಒಂದು ಹಳೆಯ ಕಾಡತೂಸಿನ ಹೆಸರಿನಲ್ಲಿ ಕೊನೆಗೆ ಬರುವ ಸೊನ್ನೆ ಆರು ಅಳತೆಯೇ ಅಲ್ಲ, ಅದು ಬಂದ ಇಸವಿ. ಅದಕ್ಕೂ ಹಿಂದಿನ ಕೆಲವಲ್ಲಿ ಎರಡನೇ ಅಂಕಿ ಒಳಗೆ ತುಂಬುವ ಮದ್ದಿನ ತೂಕ. ಇದನ್ನೆಲ್ಲ ಹೇಳುವಾಗ ದೊಡ್ಡಪ್ಪನ ಮುಖ ಬೇರೆಯಾಗುತ್ತಿತ್ತು. ಗುಂಡು ಯಾರಿಗೆ ತಗುಲುತ್ತದೆ ಎಂಬ ಮಾತನ್ನು ಮಾತ್ರ ಅವರು ಒಮ್ಮೆಯೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಗಣಿತದ ಮಿಸ್, ಮನೆಯಿಂದ ಏನಾದರೂ ಒಂದು ವಸ್ತು ತನ್ನಿ, ಸ್ಕೇಲಿನಲ್ಲಿ ಅಳೆಯೋಣ ಅಂದರು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರಲು ಯಾರೂ ಹಾತೊರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡಪ್ಪ ಸ್ನಾನಕ್ಕೆ ಹೋದಾಗ ಟ್ರಂಕು ತೆರೆದೇ ಇತ್ತು. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿತ್ತು. ಉದ್ದನೆಯ ಖೋಕಾವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅವತ್ತು ಬಿಡುವಿನಲ್ಲಿ ಹತ್ತು ಹದಿನೈದು ಹುಡುಗಿಯರು ನನ್ನ ಸುತ್ತ ಮುತ್ತಿಕೊಂಡರು. ಮುನ್ನೂರ ಮೂರರ ಕಥೆ ಹೇಳಿದೆ, ಏಣು ತೋಡುಗಳ ಕಥೆ ಹೇಳಿದೆ, ಕೊನೆಗೆ ಶಿಳ್ಳೆ ಊದಿ ತೋರಿಸಿದೆ. ಆ ಶಿಳ್ಳೆ ಸ್ಟಾಫ್ ರೂಮಿಗೆ ಕೇಳಿಸಿತು.

ಎಲ್ಲೆಲ್ಲೂ ಬಾಂಬಿನ ಮಾತೇ ಇದ್ದ ದಿನಗಳು ಅವು. ಹೆಡ್ ಮಿಸ್ ಮೇಜಿನ ಮೇಲೆ ಖೋಕಾ ಇಟ್ಟುಕೊಂಡು, ಅದನ್ನು ಮುಟ್ಟದೆ, "ಇದು ಯಾರು ಕೊಟ್ಟಿದ್ದು?" ಎಂದು ಕೇಳಿದರು. ಕದ್ದೆ ಎನ್ನಲು ನಾಲಿಗೆ ಏಳಲಿಲ್ಲ. "ದೊಡ್ಡಪ್ಪ ಕೊಟ್ರು" ಅಂದೆ. ಎರಡೇ ಮಾತು. ಕಚೇರಿಯಿಂದ ಅಪ್ಪನನ್ನು ಕರೆಸಿದರು. ಸಂಜೆ ಐದಕ್ಕೆ ವಯಸ್ಸಾದ ಒಬ್ಬ ಕಾನ್‌ಸ್ಟೇಬಲ್ ಮನೆಗೇ ಬಂದರು.

ಅವರು ಒಳ್ಳೆಯವರು. ಜಗಲಿಯ ಮೇಲೆ ಕೂತು ದೊಡ್ಡಪ್ಪನ ಸರ್ವಿಸ್ ಪುಸ್ತಕ ತಿರುವಿ ನೋಡಿದರು, ಎರಡೂ ಖೋಕಾಗಳನ್ನು ಬೆಳಕಿಗೆ ಹಿಡಿದರು. "ಖಾಲಿ ಐತೆ, ಏನೂ ಆಗಲ್ಲ. ಆದ್ರೂ ಕಾಲ ಸರಿಯಿಲ್ಲ ಸಾರ್, ಇವನ್ನ ನಾನು ತಗೊಂಡು ಹೋಗ್ತೀನಿ. ಮಗು ಕೈಗೆ ನೀವೇ ಕೊಟ್ರಾ?"

ನಾನು ಬಾಗಿಲ ಹಿಂದೆ ಅಮ್ಮನ ಸೆರಗು ಹಿಡಿದು ನಿಂತಿದ್ದೆ. ದೊಡ್ಡಪ್ಪ ಒಂದು ಸಲ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಅತ್ತು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅವರು ಕಾನ್‌ಸ್ಟೇಬಲ್ ಕಡೆ ತಿರುಗಿ, "ಹೌದು. ನಾನೇ ಕೊಟ್ಟೆ" ಅಂದರು.

ಕಾನ್‌ಸ್ಟೇಬಲ್ ಎದ್ದು ಹೊರಡುವಾಗ ತಗ್ಗಿದ ದನಿಯಲ್ಲಿ, "ನಮ್ ಸ್ಟೇಷನ್ನಲ್ಲೂ ಇನ್ನೂ ತ್ರೀ ನಾಟ್ ತ್ರೀನೇ ಸಾರ್. ಬೋಲ್ಟು ಎಳೆದ್ರೆ ಬರಲ್ಲ" ಅಂದರು. ಯಾವ ಎಣ್ಣೆ ಹಾಕಬೇಕು, ಹೇಗೆ ಒರೆಸಬೇಕು ಎಂದು ದೊಡ್ಡಪ್ಪ ಅವರಿಗೆ ಶಾಂತವಾಗಿ ಹೇಳಿಕೊಟ್ಟರು. ಪೊಲೀಸಿನವರು ಬೀದಿ ತಿರುಗುವವರೆಗೂ ಅಪ್ಪ ಕಾದರು. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಅಣ್ಣನ ಮುಖ ನೋಡಿ ಮಾತಾಡಿದರು. "ಅಪ್ಪ ಸತ್ತಾಗ ಬರಲಿಲ್ಲ. ಈಗ ಬಂದು ನನ್ನ ಮನೆ ಬಾಗಿಲಿಗೆ ಪೊಲೀಸ್ನ ಕರೆಸಿದೆ. ಇನ್ನೇನು ಬಾಕಿ ಇದೆ ಹೇಳು." ದೊಡ್ಡಪ್ಪ ಸರ್ವಿಸ್ ಪುಸ್ತಕ ಎತ್ತಿಕೊಂಡು ತಮ್ಮ ಕೋಣೆಗೆ ಹೋದರು.

ಅದೇ ವಾರ, ಅಪ್ಪ ಕಚೇರಿಗೆ ಹೋದ ಮೇಲೆ, ಅವರು ಟ್ರಂಕು ಹೊತ್ತು ಹೊರಟರು. ಅಜ್ಜಿ ಹುಳಿ ಅನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿ ಕೈಗಿತ್ತು, ಹೊಸಿಲಿನ ಒಳಗೇ ನಿಂತರು. "ಚೆನ್ನಾಗಿ ಓದು ಪುಟ್ಟಿ" ಎಂದು ನನ್ನ ತಲೆ ಸವರಿದರು ದೊಡ್ಡಪ್ಪ. ಬಾಯಿ ತೆರೆದರೆ ಹೇಳಿಬಿಡಬಹುದಿತ್ತು. ತೆರೆಯಲಿಲ್ಲ. ನಗರ್ತಪೇಟೆಯಲ್ಲಿ ತಕ್ಕಡಿ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಅದರ ಮಹಡಿಯ ಮೇಲೆ ಕೋಣೆ ಹಿಡಿದಿದ್ದಾರೆ ಎಂದು ಆಮೇಲೆ ಯಾರೋ ಹೇಳಿದರು. ಸೌದೆ ಕೋಣೆಗೆ ಮತ್ತೆ ಸೌದೆ ತುಂಬಲಿಲ್ಲ, ಆಗ ಗ್ಯಾಸು ಬಂದಿತ್ತು. ಅದು ಖಾಲಿಯೇ ಇತ್ತು. ಊಟದ ಹೊತ್ತಿನಲ್ಲಿ ನನ್ನಿಂದ ಯಾರೂ ಏನನ್ನೂ ಕೇಳಿಸುತ್ತಿರಲಿಲ್ಲ. ಸದ್ದಿಲ್ಲದ ಮನೆಯಲ್ಲೂ ಇನ್ನಷ್ಟು ಸದ್ದು ಕಡಿಮೆಯಾಗಬಹುದು ಎಂದು ನನಗೆ ಆಗ ತಿಳಿಯಿತು. ಎರಡು ವರ್ಷದ ಮೇಲೆ ಅಜ್ಜಿ ಹೋದಾಗ ದೊಡ್ಡಪ್ಪ ಬಂದರು. ಅಣ್ಣತಮ್ಮಂದಿರು ಅಕ್ಕಪಕ್ಕ ಕೂತು, ಪುರೋಹಿತರು ಹೇಳಿಕೊಟ್ಟದ್ದನ್ನು ಹೇಳಿ, ಹದಿಮೂರನೆಯ ದಿನದ ಊಟ ಮುಗಿಸಿ, ಬೇರೆ ಬೇರೆ ದಾರಿಗೆ ತಿರುಗಿಕೊಂಡರು.

ಬಸವನಗುಡಿಯ ಕಾಲೇಜು ಸೇರಿದ ಮೇಲೆ ನಾನು ಕೆಡೆಟ್ ತರಬೇತಿಗೆ ಹೆಸರು ಕೊಟ್ಟೆ. ಯಾಕೆ ಎಂದು ಅಪ್ಪ ಕೇಳಲಿಲ್ಲ. ಮೊದಲ ಸಲ ಗುರಿಯ ಹಲಗೆಗೆ ಗುಂಡು ಹೊಡೆಸಿದ ದಿನ, ಭುಜಕ್ಕೆ ತಾಗಿದ ಆ ಸಣ್ಣ ಒದೆತದ ನೆನಪು ಆರುವ ಮೊದಲೇ, ಖಾಕಿ ಬಟ್ಟೆಯಲ್ಲೇ ಬಸ್ಸು ಹಿಡಿದು ಮಾರ್ಕೆಟ್ಟಿನಲ್ಲಿಳಿದು ನಗರ್ತಪೇಟೆಗೆ ನಡೆದೆ. ಕೈಗಾಡಿಗಳ ನಡುವೆ ನುಸುಳಿ, ಮೂರು ಕಡೆ ಕೇಳಿ, ಅಂಗಡಿ ಹುಡುಕಿದೆ. ದೊಡ್ಡಪ್ಪ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಹಿತ್ತಾಳೆಯ ತಕ್ಕಡಿಯೊಂದರ ಮುಳ್ಳನ್ನು ಅರದಿಂದ ಉಜ್ಜುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಬಟ್ಟೆ ನೋಡಿದರು, ಆಮೇಲೆ ಮುಖ ನೋಡಿದರು.

"ಎಷ್ಟರದ್ದು ಹೊಡೆದೆ?"

"ಪಾಯಿಂಟ್ ಟೂ ಟೂ, ದೊಡ್ಡಪ್ಪ."

"ಈಗ ಸೈನ್ಯಕ್ಕೆ ಬಂದಿರೋ ಹೊಸದು ಐದು ಪಾಯಿಂಟ್ ಐದು ಆರು ಅಂತೆ. ಗುಣಾಕಾರ ಮಾಡಿ ನೋಡು, ಅಗಲ ಹೆಚ್ಚು ಕಮ್ಮಿ ನಿನ್ನ ಟೂ ಟೂನಷ್ಟೇ. ಚಿಪ್ಪು ಉದ್ದ, ಮದ್ದು ಜಾಸ್ತಿ. ಹೆಸರು ನೋಡಿ ಚಿಕ್ಕದು ಅಂದ್ಕೋಬಾರದು." ಅಜ್ಜಿ ಹೋದ ಮೇಲೆ ನಾಲ್ಕು ವರ್ಷ ಕಾಣದೆ ಇದ್ದವರು ನಿನ್ನೆ ನಿಂತ ಮಾತನ್ನು ಮುಂದುವರಿಸುವವರಂತೆ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಲ್ಲೇ, ತಕ್ಕಡಿ ತಟ್ಟೆಗಳ ನಡುವೆ ಕೂತು, "ಅವತ್ತು ನೀವು ಕೊಟ್ಟಿರಲಿಲ್ಲ. ನಾನೇ ಕದ್ದಿದ್ದೆ" ಅಂದೆ.

"ನಂಗೆ ಗೊತ್ತಿಲ್ವಾ?" ಅಂದರು. ಅರ ಕೆಳಗಿಟ್ಟು ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ಯಾರಿಗೂ ಹೇಳದಿದ್ದದ್ದನ್ನು ಹೇಳಿದರು.

ರೈಫಲ್ ಒರೆಸಲು ಹಗ್ಗದ ತುದಿಗೆ ಬಟ್ಟೆಯ ತುಂಡು ಸಿಕ್ಕಿಸಿ ನಳಿಗೆಯೊಳಗಿಂದ ಎಳೆಯುತ್ತಾರೆ. ಸೈನ್ಯದಲ್ಲೂ ಅದಕ್ಕೆ ಚಿಂದಿ ಎಂದೇ ಹೆಸರು. ಒಮ್ಮೆ ಒಂದು ರೈಫಲ್ಲಿನಲ್ಲಿ ಚಿಂದಿ ಒಳಗೇ ಸಿಕ್ಕಿಕೊಂಡಿತ್ತು. ಆ ದಿನ ನೂರಾರು ರೈಫಲ್ ನೋಡಿ ದಣಿದಿದ್ದ ದೊಡ್ಡಪ್ಪ ಅದರ ನಳಿಗೆಯನ್ನು ಬೆಳಕಿಗೆ ಹಿಡಿಯದೆಯೇ, ನೋಡಿದ್ದೇನೆ ಎಂದು ಬರೆದು ಸಹಿ ಹಾಕಿದರು. ಮರುದಿನ ಗುರಿ ಅಭ್ಯಾಸದಲ್ಲಿ ನಳಿಗೆ ಸೀಳಿ, ಒಬ್ಬ ಜವಾನ ಎಡಗೈಯ ಮೂರು ಬೆರಳು ಕಳೆದುಕೊಂಡ. "ಹೊಡೆಯೋಕೆ ಮೊದಲು ಅವನೇ ನೋಡ್ಕೋಬೇಕಿತ್ತು, ತಪ್ಪು ಅವನದ್ದೇ ಅಂತ ತೀರ್ಮಾನ ಆಯ್ತು. ನನ್ನ ಸಹಿ ಇತ್ತಲ್ಲ, ನನ್ನನ್ನ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವನು ನನ್ನ ನೋಡಿ, ಉಸ್ತಾದ್, ನಾನು ಸರಿಯಾಗಿ ಒರೆಸಿರಲಿಲ್ಲವೇನೋ ಅಂದ." ಕೈಯೊರೆಸಿದ ಬಟ್ಟೆಯನ್ನು ಮಡಿಸಿಟ್ಟರು. "ಆ ವರ್ಷವೇ ಬಿಟ್ಟು ಬಂದೆ. ಅವತ್ತು ಆ ಪೊಲೀಸಪ್ಪ ಕೇಳಿದಾಗ ಹೌದು ಅಂದ್ನಲ್ಲ ವಸು, ನಿನಗೋಸ್ಕರ ಅಂತ ನೀನು ಕೊರಗಬೇಡ. ಎಷ್ಟೋ ವರ್ಷ ಆದ್ಮೇಲೆ ನನಗೆ ಅವತ್ತು ಚೆನ್ನಾಗಿ ನಿದ್ದೆ ಬಂತು."

ಮನೆಗೆ ಬನ್ನಿ ಅಂದೆ. "ನಿಮ್ಮಪ್ಪ ಕರೀಲಿ, ನೋಡೋಣ" ಅಂದರು.

ಆ ಸಂಜೆಯೇ ಅಪ್ಪನ ಮುಂದೆ ನಿಂತು ನನ್ನ ಕಳ್ಳತನ ಒಪ್ಪಿಕೊಂಡೆ. ಬೆರಳು ಕಳೆದುಕೊಂಡವನ ವಿಷಯ ಹೇಳಲಿಲ್ಲ, ಅದು ನನ್ನದಾಗಿರಲಿಲ್ಲ. ಅಪ್ಪ ಪತ್ರಿಕೆ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. "ಆರು ವರ್ಷ" ಎಂದಷ್ಟೇ ಅಂದು ಎದ್ದು ಹೋದರು. ತಿಂಗಳಾದ ಮೇಲೆ ಒಂದು ಭಾನುವಾರ ನಾಲ್ಕು ಗಂಟೆಗೆ ಇಸ್ತ್ರಿ ಷರಟು ಹಾಕಿಕೊಂಡು ಹೇಳದೆ ಹೊರಟವರು ಕತ್ತಲಾಗುವಾಗ ಬಂದರು. "ಬರಲ್ಲ ಅಂದ. ಅಲ್ಲೇ ಅಭ್ಯಾಸ ಆಗಿದೆಯಂತೆ. ಕಾಫಿ ಕೊಡಿಸಿದ." ಮುಂದಿನ ಭಾನುವಾರವೂ ಹೋದರು. ಅದರ ಮುಂದಿನದೂ. ಏನು ಮಾತಾಡುತ್ತೀರಿ ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ, "ಮಾತೇನು, ಕೂತಿರ್ತೀವಿ" ಅಂದರು. ಹಾಗೆ ಮೂರು ವರ್ಷ ಕೂತರು. ದೊಡ್ಡಪ್ಪ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಯಜಮಾನರು ಫೋನ್ ಮಾಡಿ, ಮೇಲಿನಿಂದ ಇಳಿದು ಬರಲಿಲ್ಲವೆಂದು ಹೋಗಿ ನೋಡಿದರೆ ಹೀಗಾಗಿದೆ ಎಂದು ಹೇಳಿದರು. ತಾತನ ಚಿತೆಗೆ ಬೆಂಕಿಯಿಟ್ಟಿದ್ದ ಅಪ್ಪನೇ ಅಣ್ಣನ ಚಿತೆಗೂ ಇಟ್ಟರು.

ಆಮೇಲೆ ಮನೆಯೂ ಹೋಯಿತು. ಬೀದಿಯ ಮನೆಗಳೆಲ್ಲ ಒಂದೊಂದಾಗಿ ಬಿದ್ದು ಮಹಡಿಗಳೆದ್ದವು, ನಮ್ಮದೂ ಬಿತ್ತು. ನಾವು ಬಸವನಗುಡಿಯ ಫ್ಲ್ಯಾಟಿಗೆ ಬಂದೆವು. ಅಲ್ಲಿಗೆ ಬಂದ ಮೇಲೂ ಭಾನುವಾರ ನಾಲ್ಕಾಗುತ್ತಿದ್ದಂತೆ ಅಪ್ಪ ಇಸ್ತ್ರಿ ಷರಟು ಹಾಕಿ ಹೊರಡುತ್ತಿದ್ದರು. ಎಲ್ಲಿಗೆ ಎಂದು ನಾವು ಕೇಳುತ್ತಿರಲಿಲ್ಲ. ಒಂದು ಸಲ ನಾನೂ ಜೊತೆಗೆ ಹೋದೆ. ಅಪ್ಪ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು, ನಾನು ಪಕ್ಕದಲ್ಲಿ ಕೂತೆ. ಮಾರ್ಕೆಟ್ಟಿನ ಬಸ್ಸು ಬಂತು. ಅಪ್ಪ ಬೋರ್ಡು ಓದಿ, "ರಶ್ಶಿದೆ, ಮುಂದಿನದಕ್ಕೆ ಹೋಗೋಣ" ಅಂದರು. ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ಇನ್ನೊಂದು ಬಂತು, ಅದೂ ಹೋಯಿತು. ಬೀದಿ ದೀಪ ಹತ್ತಿಕೊಳ್ಳುವವರೆಗೂ ಇಬ್ಬರೂ ಅಲ್ಲೇ ಕೂತಿದ್ದು, ಆಮೇಲೆ ಮನೆಗೆ ನಡೆದೆವು.